ಆಟದ ಪಿರಿಯಡ್ಡಿನಲ್ಲಿ ಕೂತೇ ಉಳಿದ ಮಕ್ಕಳು
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಶಿಕ್ಷಕರಾಗಿ ನಾವು ಮಾಡಿದ ಒಂದು ತಪ್ಪನ್ನು ಇಂದು ಒಪ್ಪಿಕೊಳ್ಳಬೇಕಿದೆ. ನಮ್ಮ ತರಗತಿಯಲ್ಲಿ ಸೆರೆಬ್ರಲ್ ಪಾಲ್ಸಿ ಇದ್ದ ಹುಡುಗನೊಬ್ಬನಿದ್ದ. ಲೆಕ್ಕದಲ್ಲಿ ಬಲು ಚುರುಕು. ಗೋಡೆ ಹಿಡಿದು ನಡೆಯುತ್ತಿದ್ದ. ಆಟದ ಪಿರಿಯಡ್ ಬಂದಾಗ ನಾವು “ನೀನು ಕೂತು ನೋಡಪ್ಪ” ಎಂದು ನೆರಳಿನಲ್ಲಿ ಕೂರಿಸುತ್ತಿದ್ದೆವು. ಅದನ್ನೇ ಕರುಣೆ ಎಂದುಕೊಂಡಿದ್ದೆವು. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಅವನ ಮೊಣಕಾಲುಗಳು ಬಿಗಿದುಕೊಂಡಿದ್ದವು. ಪಾಸಾದ, ವಿದ್ಯಾರ್ಥಿವೇತನವೂ ಸಿಕ್ಕಿತು. ಆದರೆ ಕಾಲೇಜಿನ ತರಗತಿ ಮಹಡಿಯ ಮೇಲಿತ್ತು. ಅವನ ಓದು ಅಲ್ಲಿಗೇ ನಿಂತಿತು.

ಸೆರೆಬ್ರಲ್ ಪಾಲ್ಸಿ ಎಂದರೆ ಹುಟ್ಟುವ ಮೊದಲು, ಹೆರಿಗೆಯ ವೇಳೆ ಅಥವಾ ಎಳವೆಯಲ್ಲಿ ಮಿದುಳಿಗೆ ಆಗುವ ಹಾನಿ. ಆ ಹಾನಿ ಬೆಳೆಯುವುದಿಲ್ಲ; ಮಗು ಬೆಳೆಯುತ್ತದೆ. ಹದಿಹರೆಯದಲ್ಲಿ ಎಲುಬು ಬೇಗ ಉದ್ದವಾಗುತ್ತದೆ, ಮೈಭಾರ ಹೆಚ್ಚುತ್ತದೆ. ಬಿಗಿದ, ಬಲ ಕಡಿಮೆಯಾದ ಸ್ನಾಯುಗಳಿಗೆ ಅದನ್ನು ಹೊರುವುದು ಕಷ್ಟ. ನಾವು ಫಿಸಿಯೋಥೆರಪಿ ನಿಲ್ಲಿಸುವುದೂ ಹೆಚ್ಚಾಗಿ ಇದೇ ವಯಸ್ಸಿನಲ್ಲಿ.

ಬಲದ ವ್ಯಾಯಾಮದಿಂದ ಸೆಟೆತ ಹೆಚ್ಚುತ್ತದೆಂಬ ಭಯ ಹಿಂದೆ ತಜ್ಞರಲ್ಲೂ ಇತ್ತು. ಅದು ಸರಿಯಲ್ಲವೆಂದು ಈಗ ತಿಳಿದಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರತಂದ ಮಾರ್ಗಸೂಚಿ ಅಂಗವಿಕಲ ಮಕ್ಕಳಿಗೂ ವಾರಕ್ಕೆ ಕನಿಷ್ಠ 3 ದಿನ ಸ್ನಾಯು ಬಲಪಡಿಸುವ ಚಟುವಟಿಕೆ ಇರಬೇಕೆನ್ನುತ್ತದೆ.

ಇದಕ್ಕೆ ದುಬಾರಿ ಯಂತ್ರ ಬೇಡ. ಕುರ್ಚಿಯಿಂದ ಎದ್ದು ಕೂರುವುದು, ಒಂದು ಮೆಟ್ಟಿಲು ಹತ್ತಿ ಇಳಿಯುವುದು, ಮರಳು ತುಂಬಿದ ಸಣ್ಣ ಬಟ್ಟೆಚೀಲವನ್ನು ಕಾಲಿಗೆ ಕಟ್ಟಿ ಮೊಣಕಾಲು ನೀಡುವುದು. 6ರಿಂದ 15 ಸಲ. ನಡುವೆ ಒಂದು ದಿನ ಬಿಡುವು. ಕನಿಷ್ಠ ಮೂರು ತಿಂಗಳು ಬಿಡದೆ. ಗಾಲಿಕುರ್ಚಿಯಲ್ಲಿರುವವರು ತೋಳಿಗೆ ವ್ಯಾಯಾಮ ಕೊಡಲಿ, ಚೆಂಡು ಎಸೆಯಲಿ. ಮಳೆಗಾಲದಲ್ಲಿ ಮನೆಯ ಜಗಲಿಯೇ ಸಾಕು. ಆದರೆ ಯಾವ ವ್ಯಾಯಾಮ, ಎಷ್ಟು ಭಾರ ಎಂಬುದನ್ನು ಮೊದಲು ಫಿಸಿಯೋಥೆರಪಿಸ್ಟರೇ ಹೇಳಬೇಕು. ನೋವಿದ್ದರೆ ನಿಲ್ಲಿಸಿ, ಕೀಲನ್ನು ಬಲವಂತವಾಗಿ ಎಳೆಯಬೇಡಿ. ದೊಡ್ಡವಳಾದಳೆಂದು ಮಗಳ ವ್ಯಾಯಾಮ ಬಿಡಿಸಬೇಡಿ. ತಾಯಿ, ಅಕ್ಕ ಕಲಿತು ಮನೆಯೊಳಗೇ ಮಾಡಿಸಬಹುದು.

ಸರ್ಕಾರದಿಂದ ಸಿಗುವುದನ್ನೂ ಪಡೆದುಕೊಳ್ಳಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೆರೆಬ್ರಲ್ ಪಾಲ್ಸಿಯೂ ಒಂದು. ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವಿರುವವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5 ಸೀಟು ಮೀಸಲು, ವಯೋಮಿತಿಯಲ್ಲಿ 5 ವರ್ಷ ಸಡಿಲಿಕೆ. ಇದಕ್ಕೆಲ್ಲ ಯು.ಡಿ.ಐ.ಡಿ. ಕಾರ್ಡ್ ಮಾಡಿಸಿಕೊಳ್ಳಿ. ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ನೆರವಿದೆ. ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ಟ್ರಸ್ಟಿನವರಲ್ಲಿ ನಮ್ಮದೊಂದು ವಿನಂತಿ. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಶುಲ್ಕ, ಪುಸ್ತಕಗಳ ಕೆಳಗೆ ಇನ್ನೊಂದು ಸಾಲು ಸೇರಿಸಿ: ಫಿಸಿಯೋಥೆರಪಿಗೆ ಹೋಗಿಬರುವ ಖರ್ಚು. ಬಸ್ಸು ಹತ್ತಲಾಗದ ಮಗನನ್ನು ರಿಕ್ಷಾದಲ್ಲೇ ಕರೆದೊಯ್ಯಬೇಕಾದ ತಾಯಿಗೆ ಆ ಬಾಡಿಗೆಯೇ ದೊಡ್ಡ ಹೊರೆ. ಶಿಕ್ಷಕ ಮಿತ್ರರೇ, ನಾಳೆ ಆಟದ ಪಿರಿಯಡ್ಡಿನಲ್ಲಿ ನೆರಳಲ್ಲಿ ಕೂತ ಮಗುವಿನ ಕೈಗೂ ಒಂದು ಚೆಂಡು ಕೊಡಿ.

ಅಲ್ಲಾಹನು ನಮ್ಮೆಲ್ಲರ ಪ್ರಯತ್ನವನ್ನು ಸ್ವೀಕರಿಸಲಿ. ವಸ್ಸಲಾಂ.