ಐರ್ಲೆಂಡಿನ ವಾಗ್ಮಿಗಳೂ ಆಟಗಾರರೂ

ಮಾತು ಆಡಿದ ಗಳಿಗೆಯಲ್ಲಿಯೇ ಗಾಳಿಯನ್ನು ಸೇರುವುದು. ಆಟವು ಹೊತ್ತು ಮುಳುಗುವಷ್ಟರಲ್ಲಿ ಮುಗಿಯುವುದು. ಆದರೂ ಕೆಲವು ಮಾತುಗಳೂ ಕೆಲವು ಆಟಗಳೂ ಒಂದು ಜನಾಂಗದ ಬಾಳನ್ನು ತಿದ್ದಿರುವುದುಂಟು. ಅಂಥವನ್ನು ಅರಸಿ ನಾವು ಈ ಸಾಯಂಕಾಲ ಐರ್ಲೆಂಡಿನ ಕಡೆಗೆ ತಿರುಗುವೆವು. ದಾರಿಯು ಮಾತ್ರ ನಮ್ಮ ಮೈಸೂರಿನಿಂದಲೇ ಹೊರಡುವುದು.

೧೯೨೪ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮಹಾಶಯರು ಮೈಸೂರಿಗೆ ಬಂದಿದ್ದರು. ಇವರು ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ೧೯೧೫ರಲ್ಲಿ ಭಾರತಕ್ಕೆ ಬಂದವರು. ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಏರ್ಪಾಡಿನಲ್ಲಿಯೂ ಇವರ ಕೈಯಿತ್ತು. ಮಲೆನಾಡಿನಿಂದ ಬಂದು ಇಲ್ಲಿ ಓದುತ್ತಿದ್ದ, ಇಪ್ಪತ್ತು ತುಂಬದ ತರುಣನೊಬ್ಬನು ತನ್ನ ಇಂಗ್ಲಿಷ್ ಕವಿತೆಗಳನ್ನು ಇವರ ಮುಂದಿಟ್ಟನು. ಕನ್ನಡದಲ್ಲಿ ಏನನ್ನಾದರೂ ಬರೆದುದುಂಟೆ ಎಂದು ಹಿರಿಯರು ಕೇಳಿದರು. ಹೊಸ ಭಾವಗಳನ್ನು ಹೊರಲು ಕನ್ನಡಕ್ಕೆ ಶಕ್ತಿ ಸಾಲದೆಂದು ತರುಣನು ವಾದಿಸಿದನು. ಭಾಷೆಯ ಶಕ್ತಿಯು ಅದನ್ನು ಬಳಸುವವನ ಶಕ್ತಿಯಲ್ಲಿರುವುದೆಂಬ ಉತ್ತರವು ದೊರೆಯಿತು. ಆ ತರುಣನೇ ನಮ್ಮ ಕುವೆಂಪು. ‘ಶ್ರೀ ರಾಮಾಯಣ ದರ್ಶನಂ’ ೧೯೪೯ರಲ್ಲಿ ಪ್ರಕಟವಾಯಿತು. ಸಭೆಯಿಲ್ಲದೆ, ಕರತಾಡನವಿಲ್ಲದೆ ಒಬ್ಬನೇ ಶ್ರೋತೃವಿಗೆ ಆಡಿದ ಆ ಮಾತಿನ ಫಲವನ್ನು ಕನ್ನಡಿಗರೆಲ್ಲರೂ ಉಣ್ಣುತ್ತಿರುವೆವು.

ಐರಿಷ್ ಜನರಿಗೆ ಈ ವಿವೇಕವು ನೋವಿನಿಂದ ಬಂದುದು. ತಮ್ಮ ನುಡಿಯು ಇಂಗ್ಲಿಷಿನ ಮುಂದೆ ಹಿಂಜರಿದುದನ್ನು ಅವರು ಕಂಡಿದ್ದರು. ೧೮೯೨ರ ನವೆಂಬರಿನಲ್ಲಿ ಡಬ್ಲಿನ್ ನಗರದಲ್ಲಿ ಡಗ್ಲಸ್ ಹೈಡ್ ಎಂಬ ವಿದ್ವಾಂಸರು, ಐರ್ಲೆಂಡು ಇಂಗ್ಲೆಂಡಿನ ಅನುಕರಣೆಯನ್ನು ಬಿಡಬೇಕೆಂದು ಉಪನ್ಯಾಸಮಾಡಿದರು. ಮರುವರ್ಷವೇ ನುಡಿಯ ಉದ್ಧಾರಕ್ಕಾಗಿ ಗೇಲಿಕ್ ಲೀಗ್ ಹುಟ್ಟಿತು. ಆಟಗಳ ಉದ್ಧಾರಕ್ಕಾಗಿ ಮೈಕೆಲ್ ಕ್ಯೂಸಾಕ್ ಮೊದಲಾದವರು ೧೮೮೪ರಲ್ಲಿಯೇ ಗೇಲಿಕ್ ಅಥ್ಲೆಟಿಕ್ ಸಂಘವನ್ನು ಕಟ್ಟಿದ್ದರು. ಕೋಲುಚೆಂಡಿನ ಹರ್ಲಿಂಗ್ ಆಟವು ಅದರಿಂದ ಮರುಜೀವ ಪಡೆಯಿತು.

ಆದರೆ ತನ್ನದರ ಮೇಲಣ ಪ್ರೀತಿಯು ಹೆರವರದರ ಮೇಲಣ ಬಹಿಷ್ಕಾರವಾಗಲು ಬಹುಕಾಲ ಹಿಡಿಯಲಿಲ್ಲ. ಆ ಸಂಘವು ಕ್ರಿಕೆಟ್, ಹಾಕಿ, ರಗ್ಬಿ, ಸಾಕರ್‌ಗಳನ್ನು ಪರಕೀಯವೆಂದು ತನ್ನವರಿಗೆ ನಿಷೇಧಿಸಿತು. ೧೯೩೮ರಲ್ಲಿ ಹೈಡರು ಐರ್ಲೆಂಡಿನ ಮೊದಲನೆಯ ಅಧ್ಯಕ್ಷರಾದರು. ಅದೇ ವರ್ಷ ಅವರು ಒಂದು ಸಾಕರ್ ಪಂದ್ಯವನ್ನು ನೋಡಲು ಹೋದುದಕ್ಕಾಗಿ ಸಂಘವು ಅವರನ್ನು ಪೋಷಕಸ್ಥಾನದಿಂದ ತೆಗೆದುಹಾಕಿತು! ಸ್ವದೇಶಾಭಿಮಾನವನ್ನು ಕಲಿಸಿದ ಗುರುವಿಗೇ ಈ ದಂಡನೆ. ಆ ನಿಷೇಧವು ರದ್ದಾದುದು ೧೯೭೧ರಲ್ಲಿ.

ಇನ್ನು ೨೦೧೧ರ ಮಾರ್ಚ್ ೨ನೆಯ ದಿನಕ್ಕೆ, ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಮೈದಾನಕ್ಕೆ ಬರೋಣ. ವಿಶ್ವಕಪ್ ಪಂದ್ಯದಲ್ಲಿ ಇಂಗ್ಲೆಂಡು ೩೨೭ ಓಟಗಳನ್ನು ಗಳಿಸಿತ್ತು. ಐರ್ಲೆಂಡು ೧೧೧ಕ್ಕೆ ಐದು ವಿಕೆಟ್ ಕಳೆದುಕೊಂಡಿತ್ತು. ಆಗ ಕೆವಿನ್ ಓಬ್ರಿಯನ್ ೫೦ ಚೆಂಡುಗಳಲ್ಲಿ ನೂರನ್ನು ಮುಟ್ಟಿದರು; ವಿಶ್ವಕಪ್ಪಿನಲ್ಲಿ ಅಂದಿಗೆ ಅದೇ ಅತಿ ವೇಗದ ಶತಕ. ಮೂರು ವಿಕೆಟ್ ಉಳಿದಿರಲು ಐರ್ಲೆಂಡು ಗೆದ್ದಿತು. ಒಂದು ಕಾಲಕ್ಕೆ ಪರಕೀಯವೆಂದು ದೂರವಿಟ್ಟಿದ್ದ ಆಟವೇ ಅಂದು ಆ ಪುಟ್ಟ ನಾಡಿಗೆ ಕೀರ್ತಿಯನ್ನು ತಂದಿತು.

ಕಸಿನ್ಸರು ಕುವೆಂಪು ಅವರಿಗೆ ಇಂಗ್ಲಿಷನ್ನು ತ್ಯಜಿಸೆಂದು ಬೋಧಿಸಿದುದಕ್ಕಿಂತ ಮಿಗಿಲಾಗಿ ಕನ್ನಡವನ್ನು ನಂಬೆಂದು ಬೋಧಿಸಿದರೆಂದು ನಾವು ತಿಳಿಯುವೆವು. ಮನೆಯಲ್ಲಿ ದೀಪ ಹಚ್ಚಬೇಕಾದರೆ ನೆರೆಮನೆಯ ದೀಪವನ್ನು ಆರಿಸಬೇಕಾಗಿಲ್ಲ. ಈ ಎರಡನ್ನೂ ಐರ್ಲೆಂಡು ನಮಗೆ ಕಲಿಸಿರುವುದು: ಒಂದನ್ನು ತನ್ನ ಮಾತಿನಿಂದ, ಮತ್ತೊಂದನ್ನು ತನ್ನ ತಪ್ಪಿನಿಂದ.