ಕ್ಯಾಮೆರಾ ನಮ್ಮದು, ಕಥೆ ಯಾರದ್ದು?

ಊರಲ್ಲಿ ಮನೆ ಬಿತ್ತು, ಬೆಳೆ ಹೋಯ್ತು ಅಂದ ತಕ್ಷಣ ಲೋಕಲ್ ಚಾನೆಲ್‌ನವರು ಮೈಕ್ ಹಿಡ್ಕೊಂಡು ಬರ್ತಾರೆ. ನಾವೂ ಮೊಬೈಲ್ ಎತ್ತಿ ರೀಲ್ ಮಾಡ್ತೀವಿ. ಎಷ್ಟು ವ್ಯೂಸ್ ಬಂತು ಅಂತ ನೋಡ್ತೀವಿ. ಆದ್ರೆ ಕಷ್ಟ ಹೇಳ್ಕೊಂಡವರಿಗೆ ಆ ವಿಡಿಯೋನ ಯಾರಾದ್ರೂ ತೋರಿಸ್ತಾರಾ?

ಈ ಪ್ರಶ್ನೆಯನ್ನ 1967ರಲ್ಲೇ ಗಂಭೀರವಾಗಿ ತಗೊಂಡ ಒಂದು ಜಾಗ ಇದೆ: ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದ ಫೋಗೋ ದ್ವೀಪ. ಆಗ ಅಲ್ಲಿ ಸುಮಾರು 5,000 ಜನ ಇದ್ರು. ಮೀನು ಹಿಡಿಯೋದೇ ಕಸುಬು, ಆ ಕಸುಬು ಸೊರಗಿತ್ತು. ದೂರದ ಸಣ್ಣ ಊರುಗಳನ್ನ ಖಾಲಿ ಮಾಡಿಸಿ ಜನರನ್ನ ಬೇರೆ ಕಡೆ ನೆಲೆಗೊಳಿಸೋ ಸರ್ಕಾರದ ಯೋಜನೆ ಆಗ ಜಾರಿಯಲ್ಲಿತ್ತು. ಮುಂದಿನ ಸರದಿ ನಮ್ಮದೇ ಅನ್ನೋ ಭಯ ಫೋಗೋ ಜನರಿಗಿತ್ತು.

ಆಗ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನ ನಿರ್ದೇಶಕ ಕಾಲಿನ್ ಲೋ ಅಲ್ಲಿಗೆ ಬಂದ್ರು. ಮೆಮೋರಿಯಲ್ ವಿಶ್ವವಿದ್ಯಾಲಯದ ಡೊನಾಲ್ಡ್ ಸ್ನೋಡನ್ ಜೊತೆಗಿದ್ರು. ಇಡೀ ದ್ವೀಪದ ಮೇಲೆ ಒಂದು ದೊಡ್ಡ ಡಾಕ್ಯುಮೆಂಟರಿ ಮಾಡೋ ಬದಲು 25ಕ್ಕೂ ಹೆಚ್ಚು ಪುಟ್ಟ ಚಿತ್ರಗಳನ್ನ ಮಾಡಿದ್ರು. ಒಂದರಲ್ಲಿ ಒಬ್ಬರ ಮಾತು, ಇನ್ನೊಂದರಲ್ಲಿ ಒಂದು ಸಭೆ, ಮತ್ತೊಂದರಲ್ಲಿ ಒಂದು ಮದುವೆ.

ನಿಯಮ ಸರಳ. ಚಿತ್ರದಲ್ಲಿರೋರು ಮೊದಲು ನೋಡಬೇಕು. ಬೇಡ ಅಂದಿದ್ದನ್ನ ತೆಗೀಬೇಕು. ಅವರು ಒಪ್ಪಿದ ಮೇಲೇ ಹೊರಗಿನವರಿಗೆ ತೋರಿಸೋದು.

ಆಮೇಲೆ ಊರೂರಿನ ಹಾಲ್‌ಗಳಲ್ಲಿ ಪ್ರದರ್ಶನ ಆಯ್ತು. ಅಲ್ಲಿ ಹತ್ತಿರ ಹತ್ತಿರದ ಊರುಗಳ ನಡುವೆಯೇ ಮಾತುಕತೆ ಕಮ್ಮಿ. ಪರದೆ ಮೇಲೆ ಪಕ್ಕದೂರಿನವನ ಗೋಳು ಕೇಳಿದಾಗ, "ಇದು ನಮ್ಮದೂ ಹೌದಲ್ಲ" ಅಂತ ಗೊತ್ತಾಯ್ತು. ಸರ್ಕಾರದವರಿಗೂ ಚಿತ್ರಗಳನ್ನ ತೋರಿಸಿದ್ರು. ಮೀನುಗಾರಿಕೆ ಸಚಿವರ ಉತ್ತರವನ್ನೂ ಚಿತ್ರೀಕರಿಸಿ ದ್ವೀಪಕ್ಕೆ ತಂದು ತೋರಿಸಿದ್ರು. ಮೀನುಗಾರರು ಸಹಕಾರ ಸಂಘ ಕಟ್ಟಿದ್ರು. ಫೋಗೋ ಖಾಲಿ ಆಗ್ಲಿಲ್ಲ.

ಸಿನಿಮಾ ಒಂದೇ ದ್ವೀಪವನ್ನ ಉಳಿಸ್ತು ಅಂದ್ರೆ ಉತ್ಪ್ರೇಕ್ಷೆ. ಜನ ಅದಕ್ಕೂ ಮೊದಲೇ ಸಂಘಟಿತರಾಗ್ತಿದ್ರು. ಆದ್ರೆ ತಮ್ಮ ಮಾತು ತಮ್ಮ ಹಿಡಿತದಲ್ಲೇ ಇದ್ದಿದ್ದರಿಂದ ಅವರು ಧೈರ್ಯವಾಗಿ ಮಾತಾಡಿದ್ರು.

ಈಗ ನಮ್ಮ ದೇಶಕ್ಕೆ ಬರೋಣ. ಉತ್ತರ ಪ್ರದೇಶದ ಬುಂದೇಲ್‌ಖಂಡದಲ್ಲಿ 2002ರಲ್ಲಿ ಶುರುವಾದ 'ಖಬರ್ ಲಹರಿಯಾ' ಹಳ್ಳಿ ಹೆಣ್ಣುಮಕ್ಕಳು ನಡೆಸೋ ಸುದ್ದಿಸಂಸ್ಥೆ. ಮೊದಲು ಪತ್ರಿಕೆ, ಆಮೇಲೆ ಮೊಬೈಲ್ ವಿಡಿಯೋ. ಅವರ ಬಗ್ಗೆ ಬಂದ ಡಾಕ್ಯುಮೆಂಟರಿ 'ರೈಟಿಂಗ್ ವಿತ್ ಫೈರ್' 2022ರಲ್ಲಿ ಆಸ್ಕರ್‌ಗೆ ನಾಮನಿರ್ದೇಶನಗೊಂಡಿತ್ತು. ಪ್ರಶಸ್ತಿ ಸಮಾರಂಭಕ್ಕೆ ಕೆಲವೇ ದಿನ ಇರುವಾಗ ಸಂಸ್ಥೆ ಒಂದು ಹೇಳಿಕೆ ಕೊಡ್ತು: ಸಿನಿಮಾ ಮನಮುಟ್ಟುತ್ತೆ, ಆದ್ರೆ ಒಂದೇ ಪಕ್ಷದ ಸುದ್ದಿ ಮಾಡೋದೇ ನಮ್ಮ ಕೆಲಸ ಅನ್ನೋ ಹಾಗೆ ತೋರಿಸಿದೆ, ಅದು ಸರಿಯಲ್ಲ.

ದಿನಾ ಬೇರೆಯವರ ಸುದ್ದಿ ಮಾಡೋ ಪತ್ರಕರ್ತರಿಗೇ ತಮ್ಮ ಕಥೆ ಕೈತಪ್ಪಿತು ಅನ್ನಿಸ್ತು. ಹಾಗಿದ್ರೆ, ಕ್ಯಾಮೆರಾ ಮುಂದೆ ಮೊದಲ ಸಲ ನಿಂತವರ ಗತಿ ಏನು?

ಭ್ರಷ್ಟ ಅಧಿಕಾರಿಯ ವಿಡಿಯೋಗೆ ಅವನದ್ದೇ ಅನುಮತಿ ಕೇಳಿ ಅಂತ ನಾನು ಹೇಳ್ತಿಲ್ಲ. ಅಧಿಕಾರ ಇದ್ದವರ ಲೆಕ್ಕ ಬೇರೆ, ನೊಂದವರ ಲೆಕ್ಕ ಬೇರೆ. ನಿಮ್ಮೂರಿನ ನೋವನ್ನ ಶೂಟ್ ಮಾಡಿದ್ರೆ, ಎಡಿಟ್ ಆದ್ಮೇಲೆ ಅಪ್‌ಲೋಡ್ ಬಟನ್ ಒತ್ತೋ ಮುಂಚೆ ಫೋನ್ ಅವರ ಕೈಗೆ ಕೊಡಿ. ಎರಡು ನಿಮಿಷ ಸುಮ್ನೆ ಪಕ್ಕದಲ್ಲಿ ಕೂತ್ಕೊಳ್ಳಿ. ಅವರು "ಈ ಮಾತು ಬೇಡಪ್ಪಾ" ಅಂದ್ರೆ ತೆಗೀರಿ. ಒಂದಷ್ಟು ವ್ಯೂಸ್ ಹೋದ್ರೆ ಹೋಗ್ಲಿ, ನಾಳೆ ಅದೇ ಬೀದೀಲಿ ಅವರು ತಲೆ ಎತ್ತಿ ನಡೀಬೇಕಲ್ವಾ?