ಹೊಸ ಮನೆಯ ಮೊದಲ ದಿನಗಳು

ಅಲ್ಲಾಹನನ್ನು ಸ್ತುತಿಸಿ, ಪ್ರವಾದಿ ಮುಹಮ್ಮದ್(ಸ)ರ ಮೇಲೆ ಸಲಾತ್ ಹೇಳಿ ಮಾತು ಆರಂಭಿಸುತ್ತೇವೆ.



ಮಕ್ಕಳ ಪರೀಕ್ಷೆ ಮುಗಿದು ಮಳೆ ಹಿಡಿಯುವುದರೊಳಗಿನ ಈ ದಿನಗಳಲ್ಲಿ ನಮ್ಮ ಜಮಾಅತ್‌ನಲ್ಲಿ ಮನೆ ಬದಲಿಸುವವರು ಹೆಚ್ಚು. ಕೆಲವರದು ಸ್ವಂತ ಮನೆ, ಹೆಚ್ಚಿನವರದು ಬಾಡಿಗೆ ಮನೆ. ದುಆಕ್ಕೆ ಕರೆಯುತ್ತಾರೆ, ಹೋಗುತ್ತೇವೆ. ನೈಚೋರು ಉಂಡು ಬರುತ್ತೇವೆ. ಅದನ್ನು ದೂರುವುದಕ್ಕೆ ನಾವು ಇಲ್ಲಿ ನಿಂತಿಲ್ಲ, ನೈಚೋರು ನಮಗೂ ಇಷ್ಟವೇ. ಆದರೆ ನೆಂಟರು ಹೋದ ಮೇಲೆ, ಬಾಡಿಗೆಗೆ ತಂದ ಪಾತ್ರೆಗಳನ್ನು ಹಿಂದಿರುಗಿಸಿದ ಮೇಲೆ, ಆ ಮನೆಯೊಳಗೆ ಹೇಗಿದ್ದಾರೆ ಎಂದು ನಾವು ಯಾರೂ ಕೇಳುವುದಿಲ್ಲ. ಬಾಗಿಲು ಯಾವ ದಿಕ್ಕಿಗಿರಬೇಕು, ದೃಷ್ಟಿಯಾಗದಂತೆ ಏನು ತೂಗುಹಾಕಬೇಕು ಎಂದು ಕೇಳಲು ನಮ್ಮ ಬಳಿ ಬರುವವರಿದ್ದಾರೆ. ನಮ್ಮ ತಾಯಿಗೆ ಹೊಸ ಮನೆಯಲ್ಲಿ ನಿದ್ರೆ ಬರುತ್ತಿಲ್ಲ ಎಂದು ಹೇಳಿಕೊಂಡು ಬಂದವರು ಈವರೆಗೆ ಒಬ್ಬರೂ ಇಲ್ಲ.

ನಾವು ಯಾರಿಗೂ ಹೇಳಿರಲಿಲ್ಲ. ಕಳೆದ ವರ್ಷ ನಾವೂ ಮನೆ ಬದಲಿಸಿದೆವು. ಊರಿನ ಹಂಚಿನ ಮನೆ ಪಾಲಾಗಿ ಮಾರಾಟವಾಯಿತು. ಉಮ್ಮನನ್ನು ಕರೆದುಕೊಂಡು ಇಲ್ಲಿ ಪೇಟೆಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆಗೆ ಬಂದೆವು. ನಲ್ಲಿ ತಿರುಗಿಸಿದರೆ ನೀರು, ಎದುರಿಗೇ ಆಸ್ಪತ್ರೆ, ಕರೆದರೆ ಕೇಳುವಷ್ಟು ಹತ್ತಿರ ಮಸೀದಿ. ಇನ್ನೇನು ಬೇಕು ಎಂದುಕೊಂಡಿದ್ದೆವು. ಉಮ್ಮ ಮಾತ್ರ ತನ್ನ ತಗಡಿನ ಪೆಟ್ಟಿಗೆಯನ್ನು ಖಾಲಿ ಮಾಡಲೇ ಇಲ್ಲ. ಕಪಾಟಿನಲ್ಲಿ ಅವರಿಗೆಂದೇ ಎರಡು ಅರೆ ಬಿಟ್ಟಿದ್ದರೂ, ಬಟ್ಟೆ ಬೇಕಾದಾಗ ಪೆಟ್ಟಿಗೆಯಿಂದ ತೆಗೆದು ಮತ್ತೆ ಬೀಗ ಹಾಕುತ್ತಿದ್ದರು, ನಾಳೆಯೇ ಹೊರಡುವವರ ಹಾಗೆ. ಸುಬಹಿ ನಮಾಝ್ ಆದ ಮೇಲೆ ಬಾಲ್ಕನಿಯಲ್ಲಿ ಕೂತು ಹಳೆಯ ಬಾವಿಕಟ್ಟೆಯ ಬಗ್ಗೆ, ಬಸಳೆ ಚಪ್ಪರದ ಬಗ್ಗೆ ಹೇಳಿದ್ದನ್ನೇ ಹೇಳುವರು.

ನಾವು ಏನೆಂದೆವು ಗೊತ್ತೇ? "ಉಮ್ಮಾ, ಸಬ್ರ್ ಮಾಡಿ. ತಲೆಯ ಮೇಲೆ ಸೂರಿಲ್ಲದವರು ಎಷ್ಟು ಜನ! ಶುಕ್ರ್ ಹೇಳಿ." ಅವರು ಮರುಮಾತಾಡಲಿಲ್ಲ. ಆಮೇಲೆ ಬಾವಿಯ ಸುದ್ದಿಯನ್ನೂ ಎತ್ತಲಿಲ್ಲ. ಸಬ್ರ್ ಎಂಬ ದೊಡ್ಡ ಮಾತನ್ನು ನಾವು ತಾಯಿಯ ಬಾಯಿ ಮುಚ್ಚಿಸಲು ಬಳಸಿದ್ದೆವು. ಅದು ನಮಗೆ ಹೊಳೆದದ್ದು ಮದ್ರಸದಲ್ಲಿ ಮಕ್ಕಳಿಗೆ ಹಿಜ್ರಾದ ಪಾಠ ಮಾಡುತ್ತಿದ್ದಾಗ.

ಕ್ರಿ.ಶ. 622ರಲ್ಲಿ ಮಕ್ಕಾ ಬಿಟ್ಟು ಮದೀನಾ ಸೇರಿದವರನ್ನು ಅಲ್ಲಿನವರು ಎದೆಗಪ್ಪಿಕೊಂಡರು. ಇದನ್ನು ನಾವೆಲ್ಲ ಹೇಳುತ್ತೇವೆ. ಆದರೆ ಆ ಊರಿನ ಹವೆ ಅವರಿಗೆ ಒಗ್ಗಲಿಲ್ಲ, ಬಂದವರು ಜ್ವರದಲ್ಲಿ ಮಲಗಿದರು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಅಬೂಬಕರ್(ರ) ಮಲಗಿದರು, ಬಿಲಾಲ್(ರ) ಮಲಗಿದರು. ಜ್ವರ ಇಳಿದಾಗಲೆಲ್ಲ ಬಿಲಾಲ್(ರ) ಮಕ್ಕಾದ ಕಣಿವೆಯನ್ನು, ಅಲ್ಲಿ ಬೆಳೆಯುವ ಇದ್‌ಖಿರ್ ಎಂಬ ಪರಿಮಳದ ಹುಲ್ಲನ್ನು ನೆನೆದು ಹಾಡಿಕೊಳ್ಳುತ್ತಿದ್ದರು. ಮಕ್ಕಾದಲ್ಲಿ ಅವರಿಗೆ ಸಿಕ್ಕಿದ್ದಾದರೂ ಏನು? ಸುಡುವ ಮರಳು, ಎದೆಯ ಮೇಲೆ ಬಂಡೆ. ಆದರೂ ಮನಸ್ಸು ಆ ಹುಲ್ಲನ್ನು ಬೇಡಿತು. ಮನುಷ್ಯನನ್ನು ಅಲ್ಲಾಹನು ಹಾಗೆಯೇ ಸೃಷ್ಟಿಸಿದ್ದಾನೆ.

ತಂದೆಯನ್ನೂ ಬಿಲಾಲ್(ರ)ರನ್ನೂ ನೋಡಿ ಬಂದ ಆಯಿಶಾ(ರ) ಈ ಸಂಗತಿಯನ್ನು ಪ್ರವಾದಿ(ಸ)ರಿಗೆ ತಿಳಿಸಿದರು. ಪ್ರವಾದಿ(ಸ) ಯಾರನ್ನೂ ಗದರಲಿಲ್ಲ. ಹಿಜ್ರಾ ಮಾಡಿ ಬಂದವರು ಹಿಂದಿನದನ್ನು ನೆನೆದು ಕೊರಗಬಾರದು ಎನ್ನಲಿಲ್ಲ. ಅವರು ದುಆ ಮಾಡಿದರು: ಮಕ್ಕಾ ನಮಗೆಷ್ಟು ಪ್ರಿಯವೋ ಅಷ್ಟೇ, ಅಥವಾ ಅದಕ್ಕಿಂತ ಹೆಚ್ಚು, ಮದೀನಾವನ್ನೂ ಪ್ರಿಯವಾಗಿಸು, ಅದನ್ನು ಆರೋಗ್ಯದ ಊರಾಗಿಸು, ಅದರ ಅಳತೆಯ ಸೇರು ಪಾವುಗಳಲ್ಲಿ ಬರಕತ್ ನೀಡು ಎಂದು ಬೇಡಿದರು. ಬುಖಾರಿಯಲ್ಲಿರುವ ಈ ಹದೀಸನ್ನು ನಾವು ಎಷ್ಟೋ ಸಲ ಓದಿಸಿದ್ದೆವು. ಅಂದು ಮಾತ್ರ ಪಾಠ ಅರ್ಧಕ್ಕೇ ನಿಂತಿತು.

ಆ ದುಆದಲ್ಲಿ ಮಕ್ಕಾವನ್ನು ಮರೆಸು ಎಂಬ ಮಾತಿಲ್ಲ, ಗಮನಿಸಿ. ಆ ಪ್ರೀತಿಯನ್ನೇ ಅಳತೆಗೋಲಾಗಿಟ್ಟು ಮದೀನಾದ ಪ್ರೀತಿಯನ್ನು ಬೇಡಿದರು. ಹಿಜ್ರಾ 8ನೇ ವರ್ಷ ಮಕ್ಕಾ ಕೈಗೆ ಬಂತು. ಹುಟ್ಟೂರು, ಕಅಬಾ ಇರುವ ಊರು, ಅಲ್ಲೇ ನಿಲ್ಲಬಹುದಿತ್ತು. ಪ್ರವಾದಿ(ಸ) ಮದೀನಾಕ್ಕೇ ಮರಳಿದರು, ಕೊನೆಯವರೆಗೂ ಅಲ್ಲೇ ಇದ್ದರು.

ಇನ್ನೊಂದು ಘಟನೆ, ಮಹಡಿಯ ಮೇಲೆ ವಾಸಿಸುವವರಿಗೆ. ಮದೀನಾಕ್ಕೆ ಬಂದ ಹೊಸತರಲ್ಲಿ ಪ್ರವಾದಿ(ಸ) ಅಬೂ ಅಯ್ಯೂಬ್ ಅನ್ಸಾರಿ(ರ)ಯವರ ಮನೆಯಲ್ಲಿ ಇಳಿದುಕೊಂಡಿದ್ದರು. ಅವರು ಕೆಳಗೆ, ಮನೆಯವರು ಮೇಲೆ. ಒಮ್ಮೆ ಮೇಲೆ ನೀರಿನ ಮಡಕೆ ಒಡೆಯಿತು. ಕೆಳಗೆ ಒಂದು ಹನಿಯೂ ಸೋರಬಾರದೆಂದು ಗಂಡಹೆಂಡತಿ ತಮ್ಮಲ್ಲಿದ್ದ ಒಂದೇ ಕಂಬಳಿಯಿಂದ ನೀರನ್ನು ಒರೆಸಿದರು. ಈಗ ನಮ್ಮ ಕಟ್ಟಡಗಳಲ್ಲಿ ಏನಾಗುತ್ತಿದೆ? ಕೆಳಗೆ ಇರುವವರು ಪ್ರವಾದಿ ಅಲ್ಲವಲ್ಲ ಎಂಬ ಧೈರ್ಯದಲ್ಲಿ ರಮಝಾನಿನ ಸಹ್ರಿ ಹೊತ್ತಿಗೆ ಕುಟ್ಟುತ್ತೇವೆ, ಬೀಸುತ್ತೇವೆ, ಕುರ್ಚಿ ಎಳೆಯುತ್ತೇವೆ. ಜಿಬ್ರೀಲ್(ಅ) ನೆರೆಯವರ ಬಗ್ಗೆ ಒತ್ತಿ ಒತ್ತಿ ಹೇಳಿದಾಗ, ಇನ್ನು ಆಸ್ತಿಯಲ್ಲೂ ನೆರೆಯವರಿಗೆ ಪಾಲು ಬರುತ್ತದೇನೋ ಎಂದು ಪ್ರವಾದಿ(ಸ)ರಿಗೆ ಅನಿಸಿತ್ತು. ಆ ನೆರೆಯವರು ಮುಸ್ಲಿಮರೇ ಆಗಿರಬೇಕೆಂದೇನಿಲ್ಲ. ಅಬ್ದುಲ್ಲಾ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಆಡು ಕೊಯ್ದಾಗ, ನೆರೆಮನೆಯ ಯಹೂದಿಗೆ ಕೊಟ್ಟಿರಾ ಎಂದು ಮನೆಯವರನ್ನು ವಿಚಾರಿಸಿದ್ದು ಈ ಮಾತಿನ ಕಾರಣದಿಂದಲೇ.

ನಮ್ಮ ಮನೆಯಲ್ಲೂ ನೀರಿನಿಂದಲೇ ಆರಂಭವಾಯಿತು. ಉಮ್ಮ ಒಂದು ಬೆಳಿಗ್ಗೆ ಅಂಗಳ ತೊಳೆಯುವ ಅಭ್ಯಾಸದಲ್ಲಿ ಬಾಲ್ಕನಿಗೆ ಎರಡು ಬಕೆಟ್ ನೀರು ಸುರಿದರು. ಅದೆಲ್ಲ ಕೆಳಮನೆಯವರು ಒಣಹಾಕಿದ್ದ ಬಟ್ಟೆಯ ಮೇಲೆ! ಕೆಳಮನೆಯಲ್ಲಿ ಒಬ್ಬ ಕ್ರೈಸ್ತ ಅಜ್ಜಿ, ಎಲ್ಲರೂ ಬಾಯಮ್ಮ ಎನ್ನುತ್ತಾರೆ. ಮೆಟ್ಟಿಲು ಹತ್ತಿ ಬಂದು ಚೆನ್ನಾಗಿಯೇ ಬೈದರು. ಎಂಟು ತಿಂಗಳಿಂದ ಮೇಲೆ ಕೆಳಗೆ ಇದ್ದರೂ ನಮ್ಮ ಎರಡು ಮನೆಗಳ ನಡುವೆ ನಡೆದ ಮೊದಲ ಮಾತು ಅದು. ತಪ್ಪು ಅಜ್ಜಿಯದ್ದಲ್ಲ, ನಮ್ಮದು. ಮಗ್ರಿಬ್ ಆದ ಮೇಲೆ ಉಮ್ಮ ಅಕ್ಕಿ ರೊಟ್ಟಿ, ಮೀನು ಸಾರು ತೆಗೆದುಕೊಂಡು ಕೆಳಗಿಳಿದರು. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರನ್ನು ನೆನೆಯಬೇಕೆಂದು ಪ್ರವಾದಿ(ಸ) ಅಬೂ ದರ್ರ್(ರ)ರಿಗೆ ಹೇಳಿದ್ದನ್ನು ನಾವು ಮಿಂಬರಿನಲ್ಲಿ ಹೇಳುತ್ತೇವೆ. ಉಮ್ಮ ಅದನ್ನು ಮಾಡಿದರು. ಇಬ್ಬರಿಗೂ ತುಳು ಬರುತ್ತದೆ, ಇಬ್ಬರಿಗೂ ಮೊಣಕಾಲು ನೋವು. ಇಶಾ ಕಳೆದರೂ ಉಮ್ಮ ಮೇಲೆ ಬರಲಿಲ್ಲ.

ಪಾತ್ರೆಯನ್ನು ಖಾಲಿ ಕಳಿಸಬಾರದೆಂದು ಬಾಯಮ್ಮ ಮರುದಿನ ಅದರಲ್ಲಿ ಬಸಳೆ ದಂಟು ಇಟ್ಟು ಕಳಿಸಿದ್ದರು. ಉಮ್ಮ ಅರ್ಧ ಸಾರಿಗೆ ಹಾಕಿ, ಅರ್ಧವನ್ನು ಹಳೆಯ ಪೈಂಟ್ ಡಬ್ಬದಲ್ಲಿ ನೆಟ್ಟರು. ಈಗ ಅದು ಬಾಲ್ಕನಿಯ ಕಂಬಿ ಹಿಡಿದಿದೆ. ಪೆಟ್ಟಿಗೆಗೆ ಇನ್ನೂ ಬೀಗವಿದೆ. ಕಪಾಟಿನ ಒಂದು ಅರೆಯಲ್ಲಿ ಮಾತ್ರ ಅವರ ನಮಾಝಿನ ಬಟ್ಟೆ ಬಂದು ಕೂತಿದೆ. ನಾವು ಏನೂ ಕೇಳಲಿಲ್ಲ. ಬಾವಿಯ ಸುದ್ದಿ ಮತ್ತೆ ಶುರುವಾಗಿದೆ, ಈಗ ಕೂತು ಕೇಳುತ್ತೇವೆ.

ಸೂರಃ ಅನ್ನಹ್ಲ್‌ನ 80ನೇ ಆಯತ್‌ನಲ್ಲಿ ಅಲ್ಲಾಹನು ಮನೆಯನ್ನು ನಮಗಾಗಿ 'ಸಕನ್' ಮಾಡಿದ್ದಾಗಿ ಹೇಳುತ್ತಾನೆ, ಅಂದರೆ ಮನಸ್ಸು ನೆಲೆಗೊಳ್ಳುವ ಜಾಗ. ಮೇಸ್ತ್ರಿ ಕಟ್ಟಿಕೊಡುವುದು ಗೋಡೆಯನ್ನು. ನೆಲೆಗೊಳ್ಳಲು ಮುದುಕರಿಗೆ ಒಂದು ವರ್ಷ ಬೇಕಾಗಬಹುದು. ಮದುವೆಯಾಗಿ ಬಂದ ಹುಡುಗಿಗೆ, ಶಾಲೆ ಬದಲಾದ ಮಗುವಿಗೆ ಎಷ್ಟು ಬೇಕೋ, ಗಂಡಸರಾದ ನಾವು ಲೆಕ್ಕ ಹಾಕುವುದಿಲ್ಲ. ನಮಗೆ ಮಸೀದಿಯಿದೆ, ಅಂಗಡಿಯಿದೆ, ಎರಡೇ ದಿನಗಳಲ್ಲಿ ಪರಿಚಯವಾಗುತ್ತದೆ. ಇಡೀ ದಿನ ಆ ಗೋಡೆಗಳ ನಡುವೆ ಇರುವವರು ಅವರು. ಮನೆಯೊಳಗೆ ಕಾಲಿಡುವಾಗ ಸಲಾಂ ಹೇಳಿ. ಸುನ್ನತ್ ನಮಾಝ್‌ಗಳಲ್ಲಿ ಒಂದಷ್ಟನ್ನು ಮನೆಯಲ್ಲೇ ಮಾಡಿ. ಹಳೆಯ ಮನೆಯ ಸುದ್ದಿ ಬಂದರೆ ಮೊಬೈಲ್ ಕೆಳಗಿಟ್ಟು ಕೇಳಿ. ಮನೆಸಾಲದ ಬಗ್ಗೆ ಕೆಲವರು ಚೀಟಿ ಕಳಿಸಿದ್ದೀರಿ, ಅದಕ್ಕೆ ಬೇರೊಂದು ಶುಕ್ರವಾರ ಬೇಕು.

ನಮ್ಮ ಮಸೀದಿಯ ಹಿಂದಿನ ಹೊಸ ಕಟ್ಟಡಕ್ಕೆ ಈ ತಿಂಗಳು ನಾಲ್ಕು ಕುಟುಂಬಗಳು ಬಂದಿವೆ. ಎರಡು ನಮ್ಮವರದು, ಎರಡು ಬೇರೆಯವರದು. ಭಾನುವಾರ ಅಸರ್ ನಮಾಝಿನ ನಂತರ ನಾಲ್ಕೂ ಮನೆಗಳಿಗೆ ಹೋಗುತ್ತೇವೆ. ಬರುವವರು ಮನೆಯ ಹೆಂಗಸರನ್ನೂ ಕರೆತನ್ನಿ, ಅಂದು ಅಡುಗೆ ಏನಿದೆಯೋ ಅದರಲ್ಲಿ ಸ್ವಲ್ಪ ತನ್ನಿ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂರುವುದು ಬೇಡ, ಅವರಿಗೆ ಇನ್ನೂ ಸಾಮಾನು ಬಿಚ್ಚುವುದಿದೆ.